ಗಲಾಟೆಯಲ್ಲಿ ಇಂಗ್ಲಿಷ್ ಮಾತ್ರ ಯಾಕೆ ಕೈಕೊಡುತ್ತೆ?

ಹೆಡ್‌ಸೆಟ್ ಮಂಡ್ಯ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕಸ್ಟಮರ್ ಸಪೋರ್ಟ್ ಕೆಲಸ ನನ್ನದು. ಕನ್ನಡ, ಇಂಗ್ಲಿಷ್ ಎರಡೂ ಕಾಲ್ ತಗೊಳ್ತೇನೆ. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಇಂಗ್ಲಿಷ್. ಸುತ್ತಮುತ್ತ ಶಾಂತವಾಗಿದ್ದರೆ ಎರಡರಲ್ಲೂ ನನಗೆ ಏನೂ ತೊಂದರೆ ಇಲ್ಲ. ಆದರೆ ಪಕ್ಕದ ಸೀಟಿನವರು ಜೋರಾಗಿ ಮಾತಾಡ್ತಾ ಇದ್ದು, ಲೈನು ಬೇರೆ ಕರಕರ ಅಂತಿದ್ದರೆ, ಕನ್ನಡದಲ್ಲಿ ಅರ್ಧ ಕೇಳಿಸಿದರೂ ಪೂರ್ತಿ ಗೊತ್ತಾಗಿಬಿಡುತ್ತೆ, ಇಂಗ್ಲಿಷಿನಲ್ಲಿ ಮಾತ್ರ 'ಸಾರಿ ಸರ್, ಇನ್ನೊಂದ್ಸಲ ಹೇಳಿ' ಅನ್ನಬೇಕಾಗುತ್ತೆ.

ರೀಫಂಡ್ ಬಂದಿಲ್ಲ ಅಂತ ಇಂಗ್ಲಿಷಿನಲ್ಲಿ ಕೂಗಾಡಿದರೆ ಚೆನ್ನಾಗೇ ಅರ್ಥವಾಗುತ್ತೆ. ಎಡವೋದು ಹೆಸರು, ಬೀದಿ, ಆರ್ಡರ್ ನಂಬರ್, ಇಮೇಲ್ ಐಡಿ, ಇಂಥವುಗಳಲ್ಲಿ.

ನಮ್ಮ ಟೀಮ್ ಲೀಡರ್ ಪ್ರಕಾರ ನಾನು ತಲೆಯೊಳಗೆ ಕನ್ನಡಕ್ಕೆ ಅನುವಾದ ಮಾಡಿಕೊಳ್ಳೋದೇ ಸಮಸ್ಯೆ. 'ಲಾಗಿನ್ ಆದ ಮೇಲೆ ಕನ್ನಡ ಆಫ್ ಮಾಡಿ ಕೂತ್ಕೋ' ಅಂತಾರೆ. ಆಫ್ ಮಾಡೋಕೆ ಅದೇನು ಫ್ಯಾನಾ? ಇದರ ಬಗ್ಗೆ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ.

ಶಬ್ದವೇಧಿ

ಆಡಿಯಾಲಜಿ ಓದಿದವಳು ನಾನು, ಕಿವಿ ಪರೀಕ್ಷೆ ದಿನದ ಕೆಲಸ. ಮೊದಲು ಆಫ್ ಮಾಡುವ ಮಾತು. ಆಗಲ್ಲ. ನಿಮ್ಮಿಂದ ಮಾತ್ರ ಅಲ್ಲ, ಯಾರಿಂದಲೂ ಆಗಲ್ಲ.

ಒಂದೇ ಭಾಷೆ ಬರುವವರ ಕಿವಿ ಕೂಡ ಪದ ಮುಗಿಯುವ ತನಕ ಸುಮ್ನೆ ಕಾಯುತ್ತಾ ಕೂರಲ್ಲ. 'ಬಾ' ಅಂತ ಕೇಳಿಸಿದ ಕೂಡಲೇ ಬಾಗಿಲು, ಬಾವಿ, ಬಾಲ, ಬಾಳೆ ಎಲ್ಲವೂ ಮೆದುಳಿನಲ್ಲಿ ಅರ್ಧ ಎದ್ದಿರುತ್ತವೆ. ಮುಂದೆ 'ಳೆ' ಬಂದಾಗ ಬಾಳೆ ಉಳಿದು ಬೇರೆಯವು ಹಿಂದೆ ಸರಿಯುತ್ತವೆ. ಇದೆಲ್ಲ ಸೆಕೆಂಡಿನ ಒಂದು ಚೂರಿನಲ್ಲಿ ಆಗಿಹೋಗುತ್ತೆ. ವಿಲಿಯಂ ಮಾರ್ಸ್ಲೆನ್-ವಿಲ್ಸನ್ ಎಂಬುವರು 1970ರ ದಶಕದಿಂದ ಬೆಳೆಸಿದ ಈ ವಿವರಣೆಗೆ ಕೋಹಾರ್ಟ್ ಮಾದರಿ ಅಂತಾರೆ.

ಎರಡು ಭಾಷೆ ಬರುವವರಲ್ಲಿ ಯಾವ ಭಾಷೆಯ ಪದಗಳು ಏಳುತ್ತವೆ? 1999ರಲ್ಲಿ ಮೈಕಲ್ ಸ್ಪೈವಿ, ವಿಯೊರಿಕಾ ಮರಿಯನ್ ಇದನ್ನೇ ಪರೀಕ್ಷೆ ಮಾಡಿದರು. ರಷ್ಯನ್, ಇಂಗ್ಲಿಷ್ ಎರಡೂ ಬರುವವರ ತಲೆಗೆ ಕಣ್ಣು ಎಲ್ಲಿ ನೋಡುತ್ತೆ ಅಂತ ಹಿಡಿಯುವ ಸಾಧನ ಕಟ್ಟಿದರು. ಎದುರಿಗೆ ಕೆಲವು ಸಾಮಾನು, ಅದರಲ್ಲಿ ಒಂದು ಅಂಚೆಚೀಟಿ, ಒಂದು ಮಾರ್ಕರ್ ಪೆನ್ನು. ರಷ್ಯನ್ನಿನಲ್ಲಿ ಅಂಚೆಚೀಟಿಗೆ 'ಮಾರ್ಕಾ' ಅಂತಾರೆ. ಅಂಚೆಚೀಟಿ ಎತ್ತಿಡಿ ಅಂತ ರಷ್ಯನ್ನಿನಲ್ಲೇ ಹೇಳಿದರೂ ಕಣ್ಣು ಆಗಾಗ ಮಾರ್ಕರ್ ಕಡೆ ಹೋಗಿ ಬರುತ್ತಿತ್ತು. ಅಂದರೆ ಇಂಗ್ಲಿಷಿನ ಸುದ್ದಿಯೇ ಇಲ್ಲದ ಕಡೆಯೂ ಇಂಗ್ಲಿಷ್ ಪದ ಎದ್ದಿತ್ತು.

ಒಣತರ್ಕ

ಕಣ್ಣು ಒಂದು ಕ್ಷಣ ಆಚೆ ಹೋಗಿ ಬಂದರೆ ಏನು ಮುಳುಗಿಹೋಯ್ತು ಮೇಡಂ? ನನಗೆ ಎರಡು ಅನುಮಾನ. ಮಾರ್ಕರ್ ಕಣ್ಣೆದುರೇ ಬಿದ್ದಿದೆ, ಅದರ ಹೆಸರು ಆಗಲೇ ತಲೆಯಲ್ಲಿ ಓಡಿರುತ್ತೆ. ಇನ್ನೊಂದು, ಅಮೆರಿಕದ ಯೂನಿವರ್ಸಿಟಿಯಲ್ಲಿ ರಷ್ಯನ್ ಬರುವವರು ಬೇಕು ಅಂತ ಕರೆಸಿ ಕೂರಿಸಿದರೆ, ಇವರು ನಮ್ಮ ಎರಡು ಭಾಷೆ ಮೇಲೇ ಕಣ್ಣಿಟ್ಟಿದ್ದಾರೆ ಅಂತ ಯಾರಿಗಾದರೂ ಗೊತ್ತಾಗುತ್ತೆ. ಆಗ ಎರಡೂ ಎದ್ದು ಕೂತಿರೋದು ಸಹಜ ಅಲ್ವಾ?

ಶಬ್ದವೇಧಿ

ಎರಡನೇದು ಒಳ್ಳೇ ಪ್ರಶ್ನೆ. ಫ್ರಾಂಸ್ವಾ ಗ್ರೋಜಾನ್ ಇದನ್ನೇ ಭಾಷೆಯ 'ಮೋಡ್' ಅಂತ ಕರೆದರು. ಎದುರಿಗಿರುವವರು ಯಾರು, ಎಲ್ಲಿದ್ದೇವೆ ಅನ್ನೋದರ ಮೇಲೆ ಇನ್ನೊಂದು ಭಾಷೆ ಎಷ್ಟು ಎಚ್ಚರವಾಗಿರುತ್ತೆ ಅನ್ನೋದು ಬದಲಾಗುತ್ತೆ. ಮರಿಯನ್, ಸ್ಪೈವಿ 2003ರಲ್ಲಿ ಮತ್ತೆ ಮಾಡಿದಾಗಲೂ ಪೈಪೋಟಿ ಕಂಡಿತು. ಆದರೆ ಮೊದಲ ಭಾಷೆಯಲ್ಲಿ ಎಷ್ಟು, ಎರಡನೇದರಲ್ಲಿ ಎಷ್ಟು ಅನ್ನೋದು ಬೇರೆ ಬೇರೆ ಇರಬಹುದು ಅಂತ ಅವರೇ ಬರೆದರು.

ಹೆಡ್‌ಸೆಟ್ ಅವರಿಗೆ ಬೇಕಿರುವ ಉತ್ತರ ಇಲ್ಲೇ ಇದೆ. ಆಂಡ್ರಿಯಾ ವೆಬರ್, ಆನ್ ಕಟ್ಲರ್ 2004ರಲ್ಲಿ ಡಚ್ ಜನರ ಮೇಲೆ ಮಾಡಿದ ಕೆಲಸ ನೋಡಿ. ಇಂಗ್ಲಿಷಿನಲ್ಲಿ 'ಡೆಸ್ಕ್' ಅಂತ ಕೇಳಿಸಿದಾಗ ಡಚ್ಚರ ಕಣ್ಣು ಮುಚ್ಚಳದ ಚಿತ್ರದ ಮೇಲೂ ನಿಲ್ಲುತ್ತಿತ್ತು, ಡಚ್ಚಿನಲ್ಲಿ ಮುಚ್ಚಳಕ್ಕೆ 'ಡೆಕ್ಸೆಲ್'. ಉಲ್ಟಾ ಮಾಡಿ ಡಚ್ ಪದ ಕೇಳಿಸಿದಾಗ ಇಂಗ್ಲಿಷ್ ಹೆಸರು ಅಡ್ಡ ಬರಲೇ ಇಲ್ಲ. ಮನೆ ಭಾಷೆ ಕಲಿತ ಭಾಷೆಗೆ ಅಡ್ಡ ಬರುವಷ್ಟು, ಕಲಿತ ಭಾಷೆ ಮನೆ ಭಾಷೆಗೆ ಬರಲ್ಲ. ಕನ್ನಡ ಕಾಲ್‌ನಲ್ಲಿ ನಿಮ್ಮ ಕಿವಿ ಹೆಚ್ಚು ಕಡಿಮೆ ಕನ್ನಡ ಪದಗಳನ್ನೇ ಜರಡಿ ಹಿಡಿಯುತ್ತೆ. ಇಂಗ್ಲಿಷ್ ಕಾಲ್‌ನಲ್ಲಿ ಎರಡನ್ನೂ.

ಕುಡ್ಲದ ಬಂಗುಡೆ

ಎಂತ ಮಾರಾಯ್ರೆ, ಎರಡು ಭಾಷೆಗೇ ಇಷ್ಟು ತಲೆಬಿಸಿಯಾ? ನಮ್ಮಲ್ಲಿ ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್. ಈ ಸಂಶೋಧಕರನ್ನು ಒಮ್ಮೆ ಮಂಗಳೂರು ದಕ್ಕೆಗೆ, ಅದೇ ಮೀನಿನ ಬಂದರಿಗೆ, ಕರ್ಕೊಂಡು ಬರ್ಬೇಕು.

ಶಿವಮೊಗ್ಗ ಕಡೆಯ ಫ್ರೆಂಡ್ ಒಬ್ಬ ಬಂದಿದ್ದ. ದಕ್ಕೆಯಲ್ಲಿ ಮೀನಿನವರು 'ಬಲೆ ಅಣ್ಣ, ಬಲೆ' ಅಂತ ಕರೆದರು. ತುಳುವಿನಲ್ಲಿ 'ಬನ್ನಿ ಅಣ್ಣ' ಅಂತ ಅಷ್ಟೇ. ಇವ ಗಂಭೀರವಾಗಿ 'ನಮಗೆ ಬಲೆ ಬೇಡ, ಬಂಗುಡೆ ಎಷ್ಟು?' ಅಂತ ಕೇಳಿದ. ಸುತ್ತ ರಾಶಿ ರಾಶಿ ಬಲೆ ಬೇರೆ ಬಿದ್ದಿತ್ತು, ಅವನದೇನೂ ತಪ್ಪಿಲ್ಲ. ನನಗೆ ಮಾತ್ರ ಆ ಪದ ಕೇಳಿ ಮೀನಿನ ಬಲೆ ನೆನಪಾದದ್ದು ಇಲ್ಲ. ಎರಡೂ ಭಾಷೆ ಎದ್ದಿರ್ತದೆ ಅಂತಾದ್ರೆ ನನಗೂ ಗಲಿಬಿಲಿ ಆಗ್ಬೇಕಲ್ಲ?

ಒಣತರ್ಕ

ಬಂಗುಡೆಯವರು ನನ್ನ ಪರವಾಗಿ ಸಾಕ್ಷಿ ಹೇಳಿದ ಹಾಗಾಯ್ತು.

ಶಬ್ದವೇಧಿ

ಸ್ವಲ್ಪ ನಿಲ್ಲಿ ಸರ್. ನೆನಪಾಗೋದು ಬೇರೆ, ಒಳಗೆ ಕ್ಷಣ ಹೊತ್ತು ಏಳೋದು ಬೇರೆ. ಆ ರಷ್ಯನ್ನರಿಗೂ ಮಾರ್ಕರ್ ನೆನಪಾಯ್ತು ಅಂತ ಯಾರೂ ಹೇಳಿಲ್ಲ, ಅವರ ಕಣ್ಣು ಹೇಳಿತು.

ಬಂಗುಡೆಯವರಿಗೆ ಸಹಾಯಕ್ಕೆ ಬಂದದ್ದು ಸಂದರ್ಭ. 2009ರಲ್ಲಿ ಚೇಂಬರ್ಸ್, ಕುಕ್ ಇಬ್ಬರು ಇದನ್ನು ಅಳೆದರು. ಫ್ರೆಂಚಿನಲ್ಲಿ 'ಪೂಲ್' ಅಂದರೆ ಕೋಳಿ, ಇಂಗ್ಲಿಷಿನಲ್ಲಿ ಈಜುಕೊಳ. ಇಂಗ್ಲಿಷ್ ಮನೆ ಭಾಷೆಯವರಿಗೆ ಫ್ರೆಂಚ್ ವಾಕ್ಯ ಕೇಳಿಸಿದರು. ಎರಡಕ್ಕೂ ಹೊಂದುವ ವಾಕ್ಯವಾದರೆ ಕಣ್ಣು ಈಜುಕೊಳದ ಕಡೆಯೂ ಹೋಯಿತು. ತಿನ್ನಿಸುವ ಕ್ರಿಯಾಪದ ಮೊದಲೇ ಬಂದುಬಿಟ್ಟರೆ ಈಜುಕೊಳಕ್ಕೆ ಬೆಲೆಯೇ ಇಲ್ಲ, ಕೊಳಕ್ಕೆ ಯಾರೂ ಕಾಳು ಹಾಕಲ್ಲವಲ್ಲ. ನನಗೆ ಇದರಲ್ಲಿ ಇಷ್ಟವಾದದ್ದು ಇನ್ನೊಂದು: ಫ್ರೆಂಚ್ ಎಷ್ಟು ಚೆನ್ನಾಗಿ ಬರುತ್ತೆ ಅನ್ನೋದರಿಂದ ಈ ಅಡ್ಡಿ ಹೆಚ್ಚು ಕಡಿಮೆ ಆಗಲಿಲ್ಲ, ಸಂದರ್ಭದಿಂದ ಆಯಿತು.

ಹೆಡ್‌ಸೆಟ್ ಅವರೇ, ಈಗ ನಿಮ್ಮ ಪಟ್ಟಿ ನೋಡಿ. ಹೆಸರು, ಬೀದಿ, ಆರ್ಡರ್ ನಂಬರ್, ಇಮೇಲ್. ಇದರಲ್ಲಿ ಒಂದಕ್ಕೂ ಸಂದರ್ಭದ ಆಸರೆ ಇಲ್ಲ. ರೀಫಂಡ್ ಜಗಳಕ್ಕೆ ಬೇಕಾದಷ್ಟು ಇದೆ. ನಿಮ್ಮ ಇಂಗ್ಲಿಷ್ ಕಡಿಮೆ ಅನ್ನೋ ಮಾತೇ ಇಲ್ಲಿ ಬರಲ್ಲ.

ಹೆಡ್‌ಸೆಟ್ ಮಂಡ್ಯ

ಇದನ್ನ ಪ್ರಿಂಟ್ ತೆಗೆದು ಟೀಮ್ ಲೀಡರ್ ಟೇಬಲ್ ಮೇಲೆ ಇಡ್ತೀನಿ. ಆದರೆ ಅವರು ಹೇಳೋ ಅನುವಾದದ ಕಥೆ?

ಶಬ್ದವೇಧಿ

ಅದರಲ್ಲಿ ಅರ್ಧ ನಿಜ ಇದೆ. ಥಿಯೆರಿ, ವೂ ಇಬ್ಬರು 2007ರಲ್ಲಿ ಚೀನೀ ಮನೆ ಭಾಷೆಯ, ಇಂಗ್ಲಿಷ್ ಚೆನ್ನಾಗಿ ಬರುವವರಿಗೆ ಇಂಗ್ಲಿಷ್ ಪದದ ಜೋಡಿ ಕೊಟ್ಟು, ಎರಡರ ಅರ್ಥಕ್ಕೂ ಸಂಬಂಧ ಇದೆಯಾ ಅಂತ ಕೇಳಿದರು. ಕೆಲವು ಜೋಡಿಗಳನ್ನು ಚೀನೀಗೆ ತಿರುಗಿಸಿದರೆ ಎರಡರಲ್ಲೂ ಒಂದೇ ಅಕ್ಷರ ಬರುವ ಹಾಗೆ ಆರಿಸಿದ್ದರು. ಕೂತವರಿಗೆ ಅದು ಗೊತ್ತೇ ಇಲ್ಲ. ಉತ್ತರ ಕೊಡುವ ವೇಗವೂ ಬದಲಾಗಲಿಲ್ಲ. ಆದರೆ ತಲೆಗೆ ಅಂಟಿಸಿದ್ದ ತಂತಿಗಳಲ್ಲಿ ಮೆದುಳಿನ ಅಲೆ ಬೇರೆ ಬಂತು. ಅಂದರೆ ಮನೆ ಭಾಷೆಯ ಪದ ತಾನಾಗಿ ಏಳುತ್ತೆ. ಅದನ್ನು ನೀವು ಕೂತು 'ಮಾಡಿಕೊಳ್ಳುತ್ತಿಲ್ಲ'. ಹಾಗಾಗಿ ನಿಲ್ಲಿಸು ಅಂದರೆ ನಿಲ್ಲಿಸೋಕೂ ಆಗಲ್ಲ.

ಧಾರವಾಡ ಮಿರ್ಚಿ

ಎಲ್ಲಾರೂ ಪದದ ಮ್ಯಾಲ ನಿಂತೀರಿ, ಒಂದೊಂದು ದನಿ ಬಗ್ಗೆ ಯಾರೂ ಮಾತಾಡವಲ್ರಿ. ನಮ್ಮ ಕಡೆ ಇಂಗ್ಲಿಷಿನ ವೆಸ್ಟ್ ಅಂದ್ರ ಒಳ ಅಂಗಿನೂ ಹೌದು, ಪಶ್ಚಿಮ ದಿಕ್ಕೂ ಹೌದು. 'ವಿ' ಮತ್ತ 'ಡಬ್ಲ್ಯೂ' ಎರಡಕ್ಕೂ ನಮಗಿರೋದು ಒಂದೇ 'ವ'. ವೈನ್ ಅಂದ್ರ ಬಳ್ಳಿನೋ ದ್ರಾಕ್ಷಿ ರಸನೋ ಅನ್ನೋದು ಕುಡಿದವರಿಗೇ ಗೊತ್ತು. ಇಂಥಾವು ಕಿವಿಗೇ ಬೇರೆ ಅಂತ ಬೀಳೂದಿಲ್ಲೋ, ಇಲ್ಲಾ ಬಾಯಾಗ ಬರೂದಿಲ್ಲೋ?

ಶಬ್ದವೇಧಿ

ಬಹಳಷ್ಟು ಸಲ ಕಿವಿಯಲ್ಲೇ ತೊಂದರೆ ಶುರು. ಮೇಲೆ ಹೇಳಿದ ಡಚ್ ಪರೀಕ್ಷೆಯಲ್ಲೇ ಇದಕ್ಕೂ ಉದಾಹರಣೆ ಇದೆ. ಡಚ್ಚಿನಲ್ಲಿ 'ಪ್ಯಾ' ಮತ್ತು 'ಪೆ' ಇವುಗಳ ಸ್ವರಗಳು ನಮ್ಮ ಹಾಗೆ ಬೇರೆ ಬೇರೆ ಇಲ್ಲ. ಹಾಗಾಗಿ 'ಪ್ಯಾಂಡಾ' ಅಂತ ಶುರುವಾದಾಗ ಅವರ ಕಣ್ಣು ಪೆನ್ಸಿಲ್ ಕಡೆ ಹೋಯಿತು. ಇಂಗ್ಲಿಷ್ ಮನೆ ಭಾಷೆಯವರಿಗಿಂತ ಅವರ ಪಟ್ಟಿಯಲ್ಲಿ ಒಂದು ಪದ ಜಾಸ್ತಿ. ನಮಗೆ ಹಾಗೇ 'ವ'ದಲ್ಲಿ ಪಟ್ಟಿ ಉದ್ದ ಆಗುತ್ತೆ.

ಇಂಗ್ಲಿಷಿನವರ ಗತಿ ನಮ್ಮ 'ತ' 'ಟ' ವಿಷಯದಲ್ಲಿ ಇದೇ. ಜಾನೆಟ್ ವರ್ಕರ್, ರಿಚರ್ಡ್ ಟೀಸ್ 1984ರಲ್ಲಿ ಕೆನಡಾದ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ 'ತ' 'ಟ' ಕೇಳಿಸಿದರು. ಆರರಿಂದ ಎಂಟು ತಿಂಗಳ ಹೆಚ್ಚಿನ ಕೂಸುಗಳಿಗೆ ಎರಡೂ ಬೇರೆ ಅಂತ ಗೊತ್ತಾಗುತ್ತಿತ್ತು. ಹತ್ತು ಹನ್ನೆರಡು ತಿಂಗಳಾಗುವಷ್ಟರಲ್ಲಿ ಬಹುಪಾಲು ಕೂಸುಗಳಿಗೆ ಆ ವ್ಯತ್ಯಾಸ ಹೋಗಿತ್ತು. ಇನ್ನೂ ಸರಿಯಾಗಿ ಮಾತೇ ಬಂದಿರಲ್ಲ, ಅಷ್ಟರಲ್ಲಿ ಕಿವಿ ಮನೆ ಭಾಷೆಗೆ ಒಗ್ಗಿಹೋಗಿರುತ್ತೆ.

ಧಾರವಾಡ ಮಿರ್ಚಿ

ಅಬ್ಬಾ. ನಮ್ಮ ಆಫೀಸಿನ್ಯಾಗ ಲಖನೌದವರೊಬ್ಬರು ಅದಾರ. ಕನ್ನಡ ಕಲ್ಯಾಕ ಭಾಳ ಹುರುಪು. 'ಈ ಸಲ ಬೇಳೆ ಚೆನ್ನಾಗಿ ಬಂದಿದೆಯಾ?' ಅಂತ ರೈತರನ್ನ ಕೇಳ್ತಾರ. ಬೆಳೆ, ಬೇಳೆ ಎರಡೂ ಒಂದೇ ಕೇಳಸ್ತದಂತ ಅವರಿಗೆ. ಹಿಂದ್ಯಾಗ ಗಿಡ್ಡ 'ಎ' ಬೇರೆ, ಉದ್ದ 'ಏ' ಬೇರೆ ಅಂತ ಇಲ್ಲಲ್ರಿ, ಈಗ ಗೊತ್ತಾತು.

ಹೆಡ್‌ಸೆಟ್ ಮಂಡ್ಯ

ನಮ್ಮ ರೂಮಿನಲ್ಲೂ ಇಂಥದ್ದೇ. ನಾನು ಊರಿನ ಗುಂಗಿನಲ್ಲಿ 'ಆಲು ತಗೊಂಡ್ ಬಾ ಗುರು' ಅಂದೆ, ಪಟ್ನಾದ ಹುಡುಗ ಒಂದು ಕೆಜಿ ಆಲೂಗಡ್ಡೆ ತಂದ. ಕಾಫಿಗೆ ಏನು ಹಾಕೋದು ಹೇಳಿ. ನಮ್ಮ ಕಡೆ 'ಹ' ಹಾರಿಹೋಗೋದು ಎಲ್ಲರಿಗೂ ಗೊತ್ತು, ಆದರೆ ಅದು ಅವನ ಹಿಂದಿ ಪದಕ್ಕೆ ಸರಿಯಾಗಿ ಹೋಗಿ ಕೂರುತ್ತೆ ಅಂತ ಯಾರಿಗೆ ಗೊತ್ತಿತ್ತು.

ಟೆಕ್ಸಸ್ ತುಳಸಿಕಟ್ಟೆ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನ ಮಗಳಿಗೆ ನಾಲ್ಕು ವರ್ಷ, ಇಲ್ಲೇ ಹುಟ್ಟಿದ್ದು. ಮನೆಯಲ್ಲಿ ಕನ್ನಡ, ಡೇಕೇರ್‌ನಲ್ಲಿ ಇಂಗ್ಲಿಷ್. 'ಳ' ಬರಲ್ಲ. ವಿಡಿಯೋ ಕಾಲ್‌ನಲ್ಲಿ ಅಜ್ಜಿ 'ರಜೆಗೆ ಹಳ್ಳಿಗೆ ಬರ್ತೀಯಾ ಕಂದ?' ಅಂದರು. ಇವಳು 'ಹಲ್ಲಿಗೆ ಬರ್ತೀನಿ' ಅಂದಳು. ಪಕ್ಕದಲ್ಲಿದ್ದ ಅವಳ ಮಾವ ಗೋಡೆ ಮೇಲಿನ ಹಲ್ಲಿ ತೋರಿಸಿ ನಕ್ಕಿದ್ದೇ ನಕ್ಕಿದ್ದು, ಮಗು ಮುಖ ಊದಿಸಿಕೊಂಡಳು. ಈಗ ಶಬ್ದವೇಧಿ ಅವರು ಒಂದು ವರ್ಷದೊಳಗೆ ಕಿವಿ ಮುಚ್ಚಿಹೋಗುತ್ತೆ ಅನ್ನೋ ಥರ ಹೇಳಿದ್ದು ಓದಿ ಹೆದರಿಕೆ ಆಯ್ತು. ನಮ್ಮ ಕಡೆಯ ಒಂದು ಕ್ಲಿನಿಕ್ಕಿನಲ್ಲಿ ಬೇರೆ, ಒಂದೇ ಭಾಷೆ ಇಟ್ಕೊಳ್ಳಿ, ಮಗುವಿಗೆ ಗೊಂದಲ ಆಗುತ್ತೆ ಅಂದರು.

ಶಬ್ದವೇಧಿ

ಅಕ್ಕ, ಹೆದರಬೇಡಿ. ಆ ಕೂಸುಗಳ ಮನೆಯಲ್ಲಿ 'ತ' 'ಟ' ವ್ಯತ್ಯಾಸ ಕೇಳಿಸುತ್ತಲೇ ಇರಲಿಲ್ಲ. ನಿಮ್ಮ ಮಗಳು ಹುಟ್ಟಿದಾಗಿಂದ 'ಳ' ಕೇಳುತ್ತಿದ್ದಾಳೆ. ಬಾಯಿಗೆ ಬರದಿದ್ದರೆ ಕಿವಿಗೂ ಗೊತ್ತಿಲ್ಲ ಅಂತ ಅರ್ಥ ಅಲ್ಲ. ಬರ್ಕೊ, ಬ್ರೌನ್ 1960ರಲ್ಲಿ ಬರೆದ ಒಂದು ಪ್ರಸಂಗ ನಮ್ಮ ಕ್ಲಾಸುಗಳಲ್ಲಿ ಎಲ್ಲರೂ ಓದುತ್ತೇವೆ. ಮಗು ತನ್ನ ಗೊಂಬೆ ಮೀನನ್ನು 'ಫಿಸ್' ಅನ್ನುತ್ತೆ. ದೊಡ್ಡವರು 'ಇದು ನಿನ್ನ ಫಿಸ್ಸಾ?' ಅಂದರೆ ಅಲ್ಲ ಅಂತ ಹಟ ಮಾಡುತ್ತೆ. 'ಫಿಶ್ಶಾ?' ಅಂದಾಗ 'ಹೂಂ, ನನ್ನ ಫಿಸ್' ಅನ್ನುತ್ತೆ. ಮನೆಯಲ್ಲೇ ನೋಡಿ. ನೀವು ಬೇಕಂತಲೇ 'ಹಲ್ಲಿಗೆ ಹೋಗೋಣ್ವಾ' ಅನ್ನಿ. ಅವಳು ವಿಚಿತ್ರವಾಗಿ ನೋಡಿದರೆ ಕಿವಿ ಸರಿಯಾಗೇ ಇದೆ. ಮುಖ ಊದಿಸಿಕೊಂಡಳು ಅಂದಿರಲ್ಲ, ನನಗೆ ಅದೇ ಒಳ್ಳೇ ಸೂಚನೆ ಅನಿಸಿತು. ನಾಲಿಗೆ ಮಡಚಿ ಹೇಳುವ ದನಿಗಳು ಮಕ್ಕಳಿಗೆ ಸ್ವಲ್ಪ ತಡವಾಗೇ ಬರೋದು.

ಎರಡು ಭಾಷೆ ಕೇಳಿದ ಮಾತ್ರಕ್ಕೆ ಮಾತಿನ ತೊಂದರೆ ಹುಟ್ಟಲ್ಲ. ಮಗುವಿನ ಮಾತಿನ ಬಗ್ಗೆ ನಿಜವಾಗಲೂ ಅನುಮಾನ ಇದ್ದರೆ ಎರಡೂ ಭಾಷೆಯಲ್ಲಿ ಸೇರಿ ಎಷ್ಟು ಮಾತಾಡುತ್ತಾಳೆ ಅಂತ ನೋಡುವವರ ಹತ್ತಿರ ತೋರಿಸಿ.

ಒಣತರ್ಕ

ಇದಕ್ಕೆ ನಾನು ಸಹಿ ಹಾಕ್ತೀನಿ. ಒಂದೇ ಭಾಷೆ ಇಟ್ಕೊಳ್ಳಿ ಅನ್ನೋರು ಯಾವಾಗಲೂ ಯಾವ ಭಾಷೆ ಬಿಡಿ ಅಂತಾರೆ ಗಮನಿಸಿದ್ದೀರಾ? ಅಜ್ಜಿ ಭಾಷೆಯನ್ನೇ.

ಟೆಕ್ಸಸ್ ತುಳಸಿಕಟ್ಟೆ

ಥ್ಯಾಂಕ್ಸ್ ಶಬ್ದವೇಧಿ ಅವರೇ. ಹಾಗಾದರೆ ಕನ್ನಡ ಶಿಶುಗೀತೆಗಳ ವಿಡಿಯೋ ಜಾಸ್ತಿ ಹಾಕಲಾ? ಎರಡನೇದು ಇನ್ನೂ ಎಂಟು ತಿಂಗಳ ಕೂಸು.

ಶಬ್ದವೇಧಿ

ವಿಡಿಯೋಗಿಂತ ಅಜ್ಜಿಯನ್ನು ಕರೆಸಿಕೊಳ್ಳಿ! ಪೆಟ್ರೀಷಿಯಾ ಕುಲ್ ಅವರ ತಂಡ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಮ್ಯಾಂಡರಿನ್ ಕೇಳಿಸಿತು. 12 ಸಲ, ಪ್ರತಿ ಸಲ ಸುಮಾರು 25 ನಿಮಿಷ. ಎದುರಿಗೆ ಕೂತು ಆಟ ಆಡಿಸುತ್ತಾ ಮಾತಾಡಿದಾಗ ಕೂಸುಗಳು ಆ ಭಾಷೆಯ ದನಿಗಳನ್ನು ಗುರುತಿಸಿದವು. ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ, ಬರೀ ಧ್ವನಿ ಕೇಳಿಸಿದಾಗ ಏನೂ ಕಲಿಯಲಿಲ್ಲ. ವಿಡಿಯೋ ಕಾಲ್ ಅಷ್ಟು ಕೆಟ್ಟದ್ದಲ್ಲ, ಅಲ್ಲಿ ಅಜ್ಜಿ ಮಗುವಿಗೆ ತಿರುಗಿ ಉತ್ತರ ಕೊಡ್ತಾರಲ್ಲ.

ಬಾರ್ಸಿಲೋನಾದ ಒಂದು ವಿಷಯ ಹೇಳಲೇಬೇಕು. ಅಲ್ಲಿ ಸ್ಪ್ಯಾನಿಷ್, ಕೆಟಲಾನ್ ಎರಡೂ ಇವೆ. ಕೆಟಲಾನಿನಲ್ಲಿ ಎರಡು ಥರದ 'ಎ' ಇದೆ, ಸ್ಪ್ಯಾನಿಷಿನಲ್ಲಿ ಒಂದೇ. ಸ್ಪ್ಯಾನಿಷ್ ಮನೆಗಳಲ್ಲಿ ಬೆಳೆದು ಆರು ವರ್ಷದೊಳಗೇ ಕೆಟಲಾನ್ ಕಲಿತು ದಿನಾ ಅದನ್ನು ಮಾತಾಡುವವರಿಗೂ ಆ ಎರಡು 'ಎ' ಬೇರೆ ಮಾಡಿ ಕೇಳೋದು ಕಷ್ಟ ಅಂತ 1997ರಲ್ಲಿ ಪಲ್ಯೆ, ಬೋಷ್, ಸೆಬಾಸ್ಟಿಯನ್ ತೋರಿಸಿದರು. ಇಂಥವರು ಕೆಟಲಾನ್ ಬರಲ್ಲ ಅಂತ ಯಾರೂ ಹೇಳೋಕೆ ಆಗಲ್ಲ. ಒಂದೆರಡು ದನಿ ಒಂದೇ ಥರ ಕೇಳಿಸಿದರೂ ಬದುಕು ನಡೆಯುತ್ತೆ.

ಬಳ್ಳಾರಿ ಬಿಸಿಲು

ನಮ್ಮ ತಂದೆಗೆ ಕಿವಿ ಮಂದ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಒಂದು ಕಡೆ ಪರೀಕ್ಷೆ ಮಾಡಿಸಿದಾಗ ಇಂಗ್ಲಿಷ್ ಪದಗಳನ್ನು ಹೇಳಿ ವಾಪಸ್ ಹೇಳಿ ಅಂದರು. ಪಾಪ, ಅವರು ಓದಿದ್ದೇ ನಾಲ್ಕನೇ ಕ್ಲಾಸು. ಅಂಕ ಎಷ್ಟು ಬಂದಿರಬಹುದು ನೀವೇ ಊಹಿಸಿ.

ಶಬ್ದವೇಧಿ

ಇದು ಓದಿ ಬೇಜಾರಾಯ್ತು. ಬೀಪ್ ಸದ್ದಿನ ಪರೀಕ್ಷೆಗೆ ಭಾಷೆ ಬೇಕಿಲ್ಲ, ಪದ ಹೇಳಿಸುವ ಪರೀಕ್ಷೆಗೆ ಬೇಕೇ ಬೇಕು. ಇಲ್ಲದಿದ್ದರೆ ಅಳೆದದ್ದು ಕಿವಿಯನ್ನೋ ಇಂಗ್ಲಿಷನ್ನೋ ಗೊತ್ತಾಗಲ್ಲ. ಕನ್ನಡದಲ್ಲೇ ಇದಕ್ಕೆ ಪದಗಳ ಪಟ್ಟಿಗಳಿವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕ್ಷೇತ್ರದಲ್ಲಿದೆ. ಮುಂದಿನ ಸಲ ಎಲ್ಲಿಗೆ ಹೋದರೂ 'ತೆಲುಗಿನಲ್ಲಿ, ಆಗದಿದ್ದರೆ ಕನ್ನಡದಲ್ಲಿ ಮಾಡಿ' ಅಂತ ಕೇಳಿ. ಸಂಕೋಚ ಬೇಡ.

ಹೆಡ್‌ಸೆಟ್ ಮಂಡ್ಯ

ನನ್ನ ಮೂಲ ಪ್ರಶ್ನೆಯಲ್ಲಿ ಒಂದು ಉಳಿದಿದೆ. ಶಾಂತವಾಗಿದ್ದಾಗ ಸರಿ ಇರುವುದು ಗಲಾಟೆಯಲ್ಲಿ ಯಾಕೆ ಹೋಗುತ್ತೆ?

ಶಬ್ದವೇಧಿ

ಅಮೆರಿಕದಲ್ಲಿ ಸ್ಪ್ಯಾನಿಷ್ ಮನೆಗಳಲ್ಲಿ ಬೆಳೆದು ಆರು ವರ್ಷದೊಳಗೆ ಇಂಗ್ಲಿಷ್ ಕಲಿತವರ ಮೇಲೆ ರೋಜರ್ಸ್ ಮತ್ತು ಜೊತೆಗಾರರು 2006ರಲ್ಲಿ ಇದನ್ನೇ ನೋಡಿದರು. ಇಂಗ್ಲಿಷ್ ಮಾತಾಡಿದರೆ ಸ್ಪ್ಯಾನಿಷ್ ಉಚ್ಚಾರಣೆಯ ಸುಳಿವೇ ಸಿಗದವರು. ಶಾಂತ ಕೋಣೆಯಲ್ಲಿ ಒಂದೇ ಭಾಷೆಯವರಷ್ಟೇ ಚೆನ್ನಾಗಿ ಕೇಳಿಸಿಕೊಂಡರು. ಗದ್ದಲ, ಪ್ರತಿಧ್ವನಿ ಸೇರಿಸಿದಾಗ ಇವರೇ ಹಿಂದೆ ಬಿದ್ದರು. ಗದ್ದಲ ಪದದ ಚೂರುಗಳನ್ನು ನುಂಗುತ್ತೆ. ಉಳಿದ ಚೂರಿಗೆ ಹೊಂದುವ ಪದಗಳು ನಿಮ್ಮಲ್ಲಿ ಜಾಸ್ತಿ, ತೀರ್ಮಾನಕ್ಕೆ ಸಾಮಗ್ರಿ ಕಡಿಮೆ.

ಫೋನಿನದು ಇನ್ನೊಂದು ತಕರಾರು. ಹಳೇ ಥರದ ಲೈನು ಸುಮಾರು 300ರಿಂದ 3400 ಹರ್ಟ್ಸ್ ಮಾತ್ರ ದಾಟಿಸುತ್ತೆ. 'ಸ' ಮತ್ತು 'ಫ' ಬೇರೆ ಮಾಡುವ ಸುಳಿವು ಹೆಚ್ಚಾಗಿ ಅದರ ಮೇಲಿರುತ್ತೆ. ಅದಕ್ಕೇ ಫೋನಿನಲ್ಲಿ 'ಎಸ್' 'ಎಫ್' ಎಲ್ಲರಿಗೂ ಕಲಸುಮೇಲೋಗರ, ಲಂಡನ್ನಿನವರಿಗೂ.

ಒಣತರ್ಕ

ಸಂದರ್ಭ ಇಲ್ಲದಿದ್ದರೆ ಕನ್ನಡವೂ ಕೈಕೊಡುತ್ತೆ ಅನ್ನೋದನ್ನು ಮರೀಬೇಡಿ. ಇಪ್ಪತ್ತಾ, ಎಪ್ಪತ್ತಾ? ಫೋನಿನಲ್ಲಿ ರೇಟು ಕೇಳಿ ನೋಡಿ. ನಮ್ಮ ಮಂಡಿಯವರು ಇಪ್ಪತ್ತು ಅಂದ ಮೇಲೆ 'ಎರಡು, ಸೊನ್ನೆ' ಅಂತ ಸೇರಿಸಿಯೇ ಹೇಳೋದು. ಅವರು ಯಾವ ಸಂಶೋಧನೆಯನ್ನೂ ಓದಿಲ್ಲ.

ಹೆಡ್‌ಸೆಟ್ ಮಂಡ್ಯ

ಇದು ಒಳ್ಳೇ ಐಡಿಯಾ. ಫಿಫ್ಟೀನಾ ಫಿಫ್ಟಿನಾ ಅಂತ ಒದ್ದಾಡೋ ಬದಲು 'ಒನ್ ಫೈವ್ ಅಲ್ವಾ ಸರ್' ಅಂತ ನಾನೇ ವಾಪಸ್ ಹೇಳಿಬಿಟ್ಟರೆ ಮುಗೀತು. ಅಭ್ಯಾಸದಿಂದ ಕಿವಿ ಸುಧಾರಿಸೋದು ಅಂತ ಏನಾದರೂ ಇದೆಯಾ, ಆ 'ವ' ಸಮೇತ?

ಶಬ್ದವೇಧಿ

ಇದೆ. ಜಪಾನಿನವರಿಗೆ ಇಂಗ್ಲಿಷಿನ 'ರ' 'ಲ' ಬೇರೆ ಮಾಡೋದು ಬಹಳ ಕಷ್ಟ. ಲೋಗನ್, ಲೈವ್ಲಿ, ಪಿಸೋನಿ 1991ರಲ್ಲಿ ಅವರಿಗೆ ತರಬೇತಿ ಕೊಟ್ಟಾಗ ಸುಧಾರಣೆ ಕಂಡಿತು. ಒಬ್ಬರದೇ ದನಿ ಕೇಳಿಸಲಿಲ್ಲ, ಹಲವು ಜನರ ದನಿಯಲ್ಲಿ ಹಲವು ಪದ ಕೇಳಿಸಿ, ಪ್ರತಿ ಸಲ ಸರಿ ತಪ್ಪು ಹೇಳುತ್ತಾ ಹೋದರು. ಒಬ್ಬರ ದನಿಗೇ ಕಿವಿ ಒಗ್ಗಿದರೆ ಇನ್ನೊಬ್ಬರ ಹತ್ತಿರ ಅದು ಅಷ್ಟಾಗಿ ಕೆಲಸಕ್ಕೆ ಬರಲ್ಲ. ಹಾಗಾಗಿ ಬೇರೆ ಬೇರೆ ಜನರ ಇಂಗ್ಲಿಷ್ ಎಷ್ಟು ಕೇಳಿದರೆ ಅಷ್ಟು ಒಳ್ಳೇದು.

ಹೆಡ್‌ಸೆಟ್ ಮಂಡ್ಯ

ಅದಕ್ಕೇನು ಕಮ್ಮಿ ಇಲ್ಲ ಮೇಡಂ. ದಿನಾ ಬೆಳಗ್ಗೆಯಿಂದ ರಾತ್ರಿವರೆಗೂ ಎಲ್ಲಾ ಊರಿನವರ ದನಿ ಸಿಗ್ತಾ ಇದೆ, ಬೈಗುಳ ಸಮೇತ. ಸರಿ ತಪ್ಪು ಕೂಡ ಆಗಿಂದಾಗ್ಗೆ ಅವರೇ ಹೇಳ್ತಾರೆ.